ತೇಲಿ ಬಂದ ಮರ, ನೆಟ್ಟ ಕಲ್ಲು: ಸಂರಕ್ಷಿತ ನಿಸರ್ಗದಲ್ಲಿ ಅನುಮತಿಯಿಲ್ಲದ ಶಿಲ್ಪ

ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯಲ್ಲಿ ಹಳೆಯ ಪಟ್ಟಣ ಉಳಿದಿಲ್ಲ. ಬನವಾಸಿ ಹನ್ನೆರಡು ಸಾಸಿರದ ಒಳಗಿನ ನಾಗರಖಂಡ ಎಪ್ಪತ್ತರ ಮುಖ್ಯಸ್ಥಾನವಾಗಿದ್ದ ಈ ಬಂದಣಿಕೆ ಶಾಂತಿನಾಥ ಬಸದಿ, ತ್ರಿಮೂರ್ತಿನಾರಾಯಣ ಗುಡಿ, ಸೋಮೇಶ್ವರ ಗುಡಿ ಹಾಗೂ ಹಲವು ಶಾಸನಗಳನ್ನು ಉಳಿಸಿ ಕಾಡಿನ ಮರೆಗೆ ಸರಿದಿದೆ. ಸೋಮೇಶ್ವರ ಗುಡಿಯ ಜಾಲಂಧ್ರಗಳಲ್ಲಿ ಬಿಡಿಸಿರುವ ರಾಮಾಯಣ ಮಹಾಭಾರತಗಳ ಪ್ರಸಂಗಗಳನ್ನು ಕಲಾ ಇತಿಹಾಸಕಾರರು ಮೇಲಿಂದ ಮೇಲೆ ಉಲ್ಲೇಖಿಸಿದ್ದಾರೆ. ಶಾಸನಗಳು ಬಿ.ಎಲ್. ರೈಸ್ ಅವರು 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದ ಮೂಲಕ ವಿದ್ವಾಂಸರ ಕೈಸೇರಿದವು. ಅವುಗಳಲ್ಲಿ ಹೆಚ್ಚು ಪ್ರಸಿದ್ಧವಾದುದು ಜಕ್ಕಿಯಬ್ಬೆಯದು. ರಾಷ್ಟ್ರಕೂಟರ ಕಾಲದಲ್ಲಿ, ನಾಳ್ಗಾವುಂಡನಾಗಿದ್ದ ಪತಿ ತೀರಿಕೊಂಡ ಮೇಲೆ ನಾಗರಖಂಡದ ಆಡಳಿತವನ್ನು ವಹಿಸಿಕೊಂಡ ಈ ಮಹಿಳೆ, ದೇಹಾಲಸ್ಯವುಂಟಾದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ ಬಂದಣಿಕೆಯ ಬಸದಿಗೆ ಬಂದು ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟಳೆಂಬುದು ಅದರ ಸಾರ.

ಬಂದಳಿಕೆಯ ಕಲ್ಲುಗಳನ್ನು ಇಲ್ಲಿ ನೆನೆಯುವುದಕ್ಕೆ ಒಂದು ಕಾರಣವಿದೆ. ಕನ್ನಡದಲ್ಲಿ ‘ಶಾಸನ’ ಎಂಬ ಒಂದೇ ಶಬ್ದ ಕಲ್ಲಿನ ಬರಹಕ್ಕೂ ರಾಜಾಜ್ಞೆಗೂ ಕಾಯಿದೆಗೂ ಸಲ್ಲುತ್ತದೆ. ಗುಡಿ ಎತ್ತಿದವರು ಯಾರು, ಯಾವ ಅರಸನ ಕಾಲದಲ್ಲಿ, ಯಾರ ಒಪ್ಪಿಗೆಯಿಂದ, ಯಾವ ಭೂಮಿಯನ್ನು ಅದರ ನಿರ್ವಹಣೆಗೆ ಬಿಡಲಾಯಿತು ಎಂಬುದೆಲ್ಲ ಕಲ್ಲಿನಲ್ಲಿಯೇ ದಾಖಲಾಗುತ್ತಿತ್ತು. ಆ ಭೂಮಿಯ ಎಲ್ಲೆಯನ್ನು ಹೇಳುವಾಗ ನೆಟ್ಟ ಕಲ್ಲು, ಕೆರೆಯ ಕೋಡಿ, ಹಳ್ಳ, ಇಂಥದೇ ಒಂದು ಮರ ಎಂದು ನಿಸರ್ಗದ ಗುರುತುಗಳನ್ನೇ ಹೆಸರಿಸುವ ಪದ್ಧತಿ ಈ ಸೀಮೆಯ ದತ್ತಿಶಾಸನಗಳಲ್ಲಿ ಸಾಮಾನ್ಯ. ಶಿಲ್ಪವು ತಾನು ನಿಂತ ನೆಲದ ಹಕ್ಕುಪತ್ರವನ್ನು ತನ್ನ ಪಕ್ಕದಲ್ಲಿಯೇ ಇರಿಸಿಕೊಂಡಿರುತ್ತಿತ್ತು.

ಇಂದು ಅದೇ ಸ್ಥಳಕ್ಕೆ ಎರಡು ಬಗೆಯ ರಕ್ಷಣೆಗಳು ಅನ್ವಯಿಸುತ್ತವೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಕಲ್ಲನ್ನು ರಕ್ಷಿಸುತ್ತದೆ; 2010ರ ತಿದ್ದುಪಡಿಯಿಂದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ ವಲಯವೆಂದೂ ಅದರಾಚೆಯ 200 ಮೀಟರು ನಿಯಂತ್ರಿತ ವಲಯವೆಂದೂ ನಿಗದಿಯಾಗಿದೆ. ಅರಣ್ಯ ಕಾಯ್ದೆಗಳು ಕಾಡನ್ನು ರಕ್ಷಿಸುತ್ತವೆ. ಗುಡಿಯ ಶಿಖರದ ಸಂದಿಯಲ್ಲಿ ಬೇರಿಳಿಸಿದ ಅತ್ತಿಯ ಸಸಿ ಒಂದು ಕಾಯ್ದೆಗೆ ಶತ್ರು. ಹತ್ತು ಮಾರು ಆಚೆ ನೆಲದಲ್ಲಿ ಬೇರೂರಿದರೆ ಅದೇ ಸಸಿ ಇನ್ನೊಂದು ಕಾಯ್ದೆಗೆ ಪೋಷಣಾರ್ಹ. ಶಿಲ್ಪವನ್ನು ನಿಸರ್ಗದಿಂದ ಕಾಪಾಡುವುದೋ, ನಿಸರ್ಗವನ್ನು ಶಿಲ್ಪದಿಂದ ಕಾಪಾಡುವುದೋ ಎಂಬ ಪ್ರಶ್ನೆಗೆ ಸಿದ್ಧ ಉತ್ತರವಿಲ್ಲ. ಸಂರಕ್ಷಿತ ನೈಸರ್ಗಿಕ ಪ್ರದೇಶವೊಂದರಲ್ಲಿ, ಯಾರ ಅಪ್ಪಣೆಯನ್ನೂ ಕೇಳದೆ, ನೀರು ತಂದುಹಾಕಿದ ಮರದಿಂದ ಶಿಲ್ಪ ಕಟ್ಟಿದಾಗ ಈ ಪ್ರಶ್ನೆ ಅತ್ಯಂತ ತೀಕ್ಷ್ಣವಾಗಿ ಎದುರಾಗುತ್ತದೆ. ಶಿಲ್ಪವಿಮರ್ಶೆ ಇಂಥ ಕೃತಿಗಳನ್ನು ಇದುವರೆಗೆ ಎರಡೇ ಮಾತುಗಳಲ್ಲಿ ಮುಗಿಸಿದೆ. ಒಂದು, ಅಧಿಕಾರಶಾಹಿಯ ಎದುರು ಸ್ವತಂತ್ರ ಕಲಾವಿದನ ಪ್ರತಿರೋಧವೆಂಬ ಹೊಗಳಿಕೆ; ಇನ್ನೊಂದು, ಅತಿಕ್ರಮಣವೆಂಬ ತಿರಸ್ಕಾರ. ಎರಡರಲ್ಲೂ ನೆಲದ ಮೇಲಣ ಹಕ್ಕಿನ ಮಾತಿದೆಯೇ ಹೊರತು ಮರದ ಮಾತಿಲ್ಲ.

ಮರದ ಮಾತನ್ನು ಕಾಯ್ದೆ ಆಡಿರುವುದು ಕುತೂಹಲಕರ. ಮಳೆಗಾಲದ ನೆರೆಯಲ್ಲಿ ಹೊಳೆ ಹೊತ್ತು ತಂದು ದಂಡೆಯಲ್ಲಿ ಬಿಟ್ಟುಹೋಗುವ ದಿಮ್ಮಿ, ಬೊಡ್ಡೆ, ಬೇರುಗಳನ್ನು ಮಲೆನಾಡಿನ ಜನ ವಾರಸುದಾರರಿಲ್ಲದ ಸೊತ್ತೆಂದು ಭಾವಿಸುವುದು ರೂಢಿ. ಹೊಳೆ ಕೊಟ್ಟದ್ದನ್ನು ಹಿಡಿದವನಿಗೆ ಸೇರಿತು ಎಂಬುದು ಲೋಕನ್ಯಾಯ. ಆದರೆ 1927ರ ಭಾರತೀಯ ಅರಣ್ಯ ಕಾಯ್ದೆ ತೇಲಿ ಬಂದ ಹಾಗೂ ದಡ ಸೇರಿದ ಮರಕ್ಕಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದೆ. ಅದರ 45ನೆಯ ಪ್ರಕರಣದಂತೆ, ಅಂಥ ಮರದ ಮೇಲೆ ಯಾರಾದರೂ ತಮ್ಮ ಹಕ್ಕನ್ನು ಸಿದ್ಧಪಡಿಸುವವರೆಗೆ ಅದು ಸರ್ಕಾರದ ಸೊತ್ತು. 1963ರ ಕರ್ನಾಟಕ ಅರಣ್ಯ ಕಾಯ್ದೆ ಹಿಡಿದಿರುವುದೂ ಇದೇ ಜಾಡನ್ನು. ನದಿಗಳಲ್ಲಿ ಸಾಗವಾನಿಯ ದಿಮ್ಮಿಗಳನ್ನು ತೇಲಿಸಿ ಸಾಗಿಸುತ್ತಿದ್ದ ವಸಾಹತು ಕಾಲದ ನಾಟಾ ವ್ಯವಹಾರದ ಚಿಂತೆ ಈ ಕಲಮಿನ ಹಿಂದಿದೆಯೆಂಬುದು ಸ್ಪಷ್ಟ. ಕಳುವಾಗಬಾರದೆಂಬುದಷ್ಟೇ ಅದರ ಕಾಳಜಿ. ಹೊಳೆಗೂ ಮರಕ್ಕೂ ಇರುವ ಸಂಬಂಧದ ಗೊಡವೆ ಅದಕ್ಕಿಲ್ಲ. ಅದೇ ಕಾಯ್ದೆ ‘ಮರ’ ಎಂಬುದಕ್ಕೆ ಕೊಡುವ ಅರ್ಥವಿವರಣೆ ಶಿಲ್ಪಿಗಳ ಗಮನಕ್ಕೆ ಬರಬೇಕಾದದ್ದು. ಬಿದ್ದ ಮರವೂ ಮರವೇ. ಯಾವುದೇ ಉದ್ದೇಶಕ್ಕಾಗಿ ಕತ್ತರಿಸಿದ, ರೂಪಿಸಿದ, ಟೊಳ್ಳು ಮಾಡಿದ ಮರವೂ ಮರವೇ. ಉಳಿ ತಾಗಿದ ಮಾತ್ರಕ್ಕೆ ಕಾಯ್ದೆಯ ಕಣ್ಣಿನಲ್ಲಿ ಮರ ಶಿಲ್ಪವಾಗುವುದಿಲ್ಲ.

ಎಪ್ಪತ್ತು ವರ್ಷಗಳ ನಂತರ ಕಾಯ್ದೆಯ ಧ್ವನಿ ಬೇರೆಯಾಯಿತು. ಗೋದಾವರ್ಮನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2000ದ ಫೆಬ್ರವರಿ 14ರಂದು ನೀಡಿದ ಆದೇಶ, ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳಿಂದ ಸತ್ತ, ರೋಗತಗುಲಿದ, ಸಾಯುತ್ತಿರುವ, ಗಾಳಿಗೆ ಬಿದ್ದ ಮರಗಳನ್ನೂ ಹುಲ್ಲನ್ನೂ ತೆಗೆಯದಂತೆ ತಡೆಯಿತು. ಆ ಪಟ್ಟಿಯಲ್ಲಿ ತೇಲಿ ಬಂದ ಮರದ ಹೆಸರು ಸ್ಪಷ್ಟವಾಗಿಯೇ ಇದೆ. 1927ರಲ್ಲಿ ತೇಲುಮರ ಸರ್ಕಾರದ ಸೊತ್ತಾಗಿದ್ದರೆ 2000ದ ಹೊತ್ತಿಗೆ ಅದು ಸರ್ಕಾರವೂ ಮುಟ್ಟಬಾರದ ವಸ್ತುವಾಯಿತು. ಮಾಲೀಕತ್ವದಿಂದ ಆವಾಸಸ್ಥಾನದ ಕಡೆಗೆ ಸರಿದ ಈ ಹೆಜ್ಜೆಯನ್ನು ಶಿಲ್ಪವಿಮರ್ಶೆ ಇನ್ನೂ ಗಮನಿಸಿದಂತೆ ಕಾಣುವುದಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 29ನೆಯ ಪ್ರಕರಣಕ್ಕೆ 2002ರಲ್ಲಿ ಸೇರಿಸಿದ ಮಾತೊಂದು ಇನ್ನೂ ಸೂಕ್ಷ್ಮವಾಗಿದೆ. ಅಭಯಾರಣ್ಯದಿಂದ ಅರಣ್ಯ ಉತ್ಪನ್ನವನ್ನು ನಿಯಮಾನುಸಾರ ತೆಗೆದಾಗ ಅದನ್ನು ಒಳಗೂ ಸುತ್ತಲೂ ವಾಸಿಸುವವರ ಸ್ವಂತ, ಪ್ರಾಮಾಣಿಕ ಅಗತ್ಯಕ್ಕೆ ಬಳಸಬಹುದು, ವ್ಯಾಪಾರಕ್ಕಲ್ಲ. ಒಲೆಗೆ ಸೌದೆ ಬೇಕೆಂಬುದು ಅಗತ್ಯ, ಪೇಟೆಗೆ ಸಾಗಿಸುವುದು ವ್ಯಾಪಾರ. ಶಿಲ್ಪ ಇವೆರಡರಲ್ಲಿ ಯಾವುದು? ಕಾಯ್ದೆ ಇದಕ್ಕೆ ಉತ್ತರಿಸಿಲ್ಲ. ಕಲೆಯು ಮಾರಾಟವಲ್ಲವೆಂದು ವಾದಿಸುವ ಶಿಲ್ಪಿ ತನ್ನ ಕೃತಿಯನ್ನು ಅಗತ್ಯದ ಕಡೆಗೆ ಎಳೆಯಬೇಕಾಗುತ್ತದೆ, ಮತ್ತು ಆ ಅಗತ್ಯ ಯಾರದು ಎಂಬುದನ್ನೂ ಹೇಳಬೇಕಾಗುತ್ತದೆ.

ತೇಲುಮರದ ಅನಧಿಕೃತ ಶಿಲ್ಪಕ್ಕೆ ಜಗತ್ತಿನಲ್ಲಿ ಪ್ರಸಿದ್ಧವಾದ ನಿದರ್ಶನ ಕ್ಯಾಲಿಫೋರ್ನಿಯಾದ ಎಮರಿವಿಲ್ಲೆಯದು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಕೆಸರು ಬಯಲಿನಲ್ಲಿ, ಹೆದ್ದಾರಿಯ ಮಗ್ಗುಲಲ್ಲಿ, 1960ರ ದಶಕದಿಂದ ಕಲಾವಿದ್ಯಾರ್ಥಿಗಳೂ ದಾರಿಹೋಕರೂ ಅಲೆ ತಂದ ಮರ, ಹಲಗೆ, ತುಕ್ಕು ಹಿಡಿದ ತಗಡುಗಳಿಂದ ರೈಲುಬಂಡಿ, ವಿಮಾನ, ಮನುಷ್ಯಾಕೃತಿಗಳನ್ನು ಕಟ್ಟತೊಡಗಿದರು. ಯಾರೂ ಸಹಿ ಹಾಕಲಿಲ್ಲ, ಯಾರೂ ಪರವಾನಗಿ ಕೇಳಲಿಲ್ಲ. ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಬಿಚ್ಚಿ ಅದೇ ಮರದಿಂದ ಬೇರೊಂದನ್ನು ಕಟ್ಟುವುದೂ ಅಲ್ಲಿ ಸಹಜವಾಗಿತ್ತು. ಮೂರು ದಶಕಗಳ ಕಾಲ ಹೀಗೆ ನಡೆದು, 1990ರ ದಶಕದ ಕೊನೆಯ ವೇಳೆಗೆ ಜೌಗುಭೂಮಿಯ ಜೀವಿಗಳ ರಕ್ಷಣೆಯ ಕಾರಣಕ್ಕೆ ಶಿಲ್ಪಗಳು ತೆರವಾದವು. ಇಂದು ಆ ದಂಡೆ ಸಂರಕ್ಷಿತ ಕಡಲಂಚಿನ ಪ್ರದೇಶವಾಗಿದೆ.

ಈ ಶಿಲ್ಪಗಳನ್ನು ಕುರಿತ ಬರಹಗಳಲ್ಲಿ ಕಳೆದುಹೋದ ಸ್ವಾತಂತ್ರ್ಯದ ಹಂಬಲವೇ ಪ್ರಧಾನ. ಹಂಬಲ ಸಹಜವಾದರೂ ಛಾಯಾಚಿತ್ರಗಳು ಇನ್ನೊಂದು ಸಂಗತಿಯನ್ನು ತೋರುತ್ತವೆ. ಆ ಆಕೃತಿಗಳ ಮುಖ ರಸ್ತೆಯ ಕಡೆಗಿತ್ತು. ವೇಗವಾಗಿ ಸಾಗುವ ವಾಹನದಿಂದ ಕ್ಷಣಕಾಲ ಕಂಡು ಗುರುತಿಸಬಹುದಾದ ಹೊರಗೆರೆಯನ್ನು ಉದ್ದೇಶಿಸಿ ಅವು ರೂಪುಗೊಂಡವು. ಹಿಂದಿದ್ದ ಕೊಲ್ಲಿ, ಕೆಸರು, ಕೊಕ್ಕರೆಗಳು ಅವುಗಳಿಗೆ ಪರದೆ ಮಾತ್ರ. ತಾವು ನಿಂತ ನೆಲಕ್ಕೆ ಬೆನ್ನು ಹಾಕಿದ ಶಿಲ್ಪಗಳನ್ನು ಆ ನೆಲದ ಹೆಸರಿನಲ್ಲಿ ಸಮರ್ಥಿಸುವುದು ಕಷ್ಟ. ಬಿಚ್ಚಿ ಕಟ್ಟುವ ಪದ್ಧತಿಯನ್ನು ಮಾತ್ರ ಮೆಚ್ಚಲೇಬೇಕು. ಕರ್ತೃವಿನ ಹೆಸರೂ ಕೃತಿಯ ಆಯುಷ್ಯವೂ ಮುಖ್ಯವಲ್ಲವೆಂದು ಒಪ್ಪಿಕೊಂಡ ಸಾಮುದಾಯಿಕ ಶಿಲ್ಪಾಭ್ಯಾಸ ಆಧುನಿಕ ಕಾಲದಲ್ಲಿ ತೀರ ವಿರಳ.

ಭಾರತದಲ್ಲಿ ಈ ಚರ್ಚೆ ಬಂದಾಗಲೆಲ್ಲ ಚಂಡೀಗಢದ ನೇಕ್ ಚಂದ್ (1924-2015) ಅವರ ಹೆಸರು ಬರುತ್ತದೆ. ದೇಶವಿಭಜನೆಯಲ್ಲಿ ಊರು ಕಳೆದುಕೊಂಡು ಬಂದು, ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಮೇಲ್ವಿಚಾರಕರಾಗಿದ್ದ ಅವರು 1950ರ ದಶಕದ ಕೊನೆಯಿಂದ ಸುಖನಾ ಸರೋವರದ ಸಮೀಪದ, ಯಾವ ಕಟ್ಟಡಕ್ಕೂ ಅವಕಾಶವಿಲ್ಲದ ಕಾಡಿನ ಪಟ್ಟಿಯಲ್ಲಿ ಗುಟ್ಟಾಗಿ ಕೆಲಸ ಮಾಡಿದರು. ಹೊಸ ನಗರಕ್ಕಾಗಿ ನೆಲಸಮವಾದ ಹಳ್ಳಿಗಳ ಅವಶೇಷ, ಒಡೆದ ಪಿಂಗಾಣಿ, ಗಾಜಿನ ಬಳೆಯ ಚೂರು, ಹಳೆಯ ಸೈಕಲ್ಲಿನ ಚೌಕಟ್ಟು, ಹೊಳೆಗಳ ಪಾತ್ರದಿಂದ ಆಯ್ದ ವಿಚಿತ್ರಾಕಾರದ ಕಲ್ಲುಗಳು, ಇವೇ ಅವರ ಸಾಮಗ್ರಿ. 1970ರ ದಶಕದ ಮಧ್ಯಭಾಗದಲ್ಲಿ ಅಧಿಕಾರಿಗಳ ಕಣ್ಣಿಗೆ ಬೀಳುವ ವೇಳೆಗೆ ಅದು ಹನ್ನೆರಡು ಎಕರೆಗಳಷ್ಟು ಹಬ್ಬಿತ್ತು. ಕೆಡವಬೇಕಾಗಿದ್ದುದನ್ನು 1976ರಲ್ಲಿ ಸಾರ್ವಜನಿಕರಿಗೆ ತೆರೆಯಲಾಯಿತು. ಕಟ್ಟಿದವರಿಗೆ ಸಂಬಳವೂ ಕೆಲಸಗಾರರೂ ದೊರೆತರು. 1984ರಲ್ಲಿ ಪದ್ಮಶ್ರೀ ಬಂದಿತು. ಅನುಮತಿಯಿಲ್ಲದ ಶಿಲ್ಪಕ್ಕೆ ತಡವಾಗಿ ದೊರೆತ ಅನುಮತಿಯ ಅತ್ಯಂತ ದೊಡ್ಡ ನಿದರ್ಶನ ಇದು. ಆ ಅನುಮತಿಯೂ ಶಾಶ್ವತವಲ್ಲವೆಂಬುದು 2025ರಲ್ಲಿ, ಪಕ್ಕದ ಉಚ್ಚ ನ್ಯಾಯಾಲಯದ ರಸ್ತೆ ಮತ್ತು ವಾಹನ ನಿಲುಗಡೆಯ ವಿಸ್ತರಣೆಗಾಗಿ ಉದ್ಯಾನದ ಗೋಡೆಯ ಒಂದು ಭಾಗವನ್ನು ಕೆಡವಿದಾಗ ತಿಳಿದುಬಂತು.

ನೇಕ್ ಚಂದ್ ಅವರ ಶಿಲ್ಪದ ಬಲವಿರುವುದು ಬಿಡಿ ಆಕೃತಿಯಲ್ಲಲ್ಲ. ಸಾಲುಸಾಲಾಗಿ ನಿಂತ, ಒಂದನ್ನೊಂದು ಹೋಲುವ ಮನುಷ್ಯರೂ ಪ್ರಾಣಿಗಳೂ ಇಕ್ಕಟ್ಟಾದ ದಾರಿಯ ತಿರುವಿನಲ್ಲಿ ಹಠಾತ್ತನೆ ಎದುರಾಗುವ ರೀತಿಯಲ್ಲಿದೆ. ಲೆ ಕಾರ್ಬೂಸಿಯರ್ ಅವರ ಸರಳರೇಖೆಯ ನಗರಕ್ಕೆ ಅದೇ ನಗರ ಒಡೆದು ಬಿಸುಟ ಚೂರುಗಳಿಂದ ಕಟ್ಟಿದ ಅಂಕುಡೊಂಕಾದ ಉತ್ತರ ಇದು. ಸರ್ಕಾರದ ಹಣ, ಕೂಲಿಯಾಳುಗಳು ದೊರೆತ ಮೇಲೆ ಬಂದ ಎತ್ತರದ ಕಮಾನುಗಳೂ ಜಲಪಾತಗಳೂ ಗುಟ್ಟಿನ ದಿನಗಳ ಕೆಲಸಕ್ಕೆ ಸಮನಲ್ಲ. ಮೊದಲ ಭಾಗದಲ್ಲಿ ಒಬ್ಬನೇ ಹೊರಬಲ್ಲ ಭಾರವೇ ಶಿಲ್ಪದ ಅಳತೆಯನ್ನು ನಿರ್ಧರಿಸಿತ್ತು; ನಂತರ ಆ ಅಂಕೆ ತಪ್ಪಿತು.

ತೇಲುಮರದ ಶಿಲ್ಪವನ್ನು ಸಮರ್ಥಿಸುವವರು ನೇಕ್ ಚಂದರನ್ನು ಪೂರ್ವನಿದರ್ಶನವಾಗಿ ಮುಂದಿಡುವುದುಂಟು. ಹೋಲಿಕೆ ನಿಲ್ಲುವುದಿಲ್ಲ. ಕಾಡಿನ ಪಟ್ಟಿಯನ್ನು ಅವರು ಅತಿಕ್ರಮಿಸಿದ್ದು ನಿಜ. ಆದರೆ ಹೊಳೆಗಲ್ಲುಗಳನ್ನು ಬಿಟ್ಟರೆ ಅವರ ಸಾಮಗ್ರಿಯ ಬಹುಪಾಲು ನಗರದ ತಿಪ್ಪೆಯಿಂದ ಬಂದದ್ದು. ಅದನ್ನು ಅವಲಂಬಿಸಿ ಯಾವ ಜೀವವೂ ಬದುಕುತ್ತಿರಲಿಲ್ಲ. ತೇಲುಮರ ತಿಪ್ಪೆಯಲ್ಲ. ಮನುಷ್ಯನ ಕಣ್ಣಿಗೆ ಮಾತ್ರ ಅದು ಬಿಸುಟ ವಸ್ತು.

ಇದನ್ನು ಅರಿಯಲು ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮವನ್ನು ನೋಡಿದರೆ ಸಾಕು. ಒಂದು ಚದರ ಕಿಲೋಮೀಟರಿಗೂ ಕಡಿಮೆ ವಿಸ್ತಾರದ ಈ ಕೆರೆಯಲ್ಲಿ ನೀರಿನೊಳಗೇ ನಿಂತ ಮರಗಳ ಮೇಲೆ ಮಳೆಗಾಲದಲ್ಲಿ ಬಿಳಿ ಕೆಂಬರಲು, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುತ್ತವೆ. ಒಣಗಿದ ಕೊಂಬೆ ಗೂಡಿಗೆ ಕಡ್ಡಿ. ಸತ್ತ ಬೊಡ್ಡೆ ನೀರಿನಿಂದೆದ್ದ ನೀರುಕಾಗೆಗೆ ರೆಕ್ಕೆ ಹರಡಿ ಒಣಗಿಸಿಕೊಳ್ಳುವ ಪೀಠ. ನೀರಿಗೆ ಬಿದ್ದ ಮರದ ಅಡಿಯಲ್ಲಿ ಮೀನಿನ ಮರಿಗಳು ಅಡಗುತ್ತವೆ, ಆಮೆಗಳು ಮೇಲೆ ಬಿಸಿಲು ಕಾಯುತ್ತವೆ. ಹರಿಯುವ ಹೊಳೆಯಲ್ಲಿ ಅಡ್ಡಬಿದ್ದ ದಿಮ್ಮಿ ನೀರಿನ ಓಟವನ್ನು ಒಡೆದು ಹಿಂದೆ ಮಡು ಮಾಡುತ್ತದೆ, ಮುಂದೆ ಮರಳು ದಿಬ್ಬ ಕಟ್ಟುತ್ತದೆ. ದಂಡೆಗೆ ಬಂದದ್ದನ್ನು ಅಣಬೆ, ಗೆದ್ದಲು, ಕೊರೆಹುಳುಗಳು ಹತ್ತಾರು ವರ್ಷ ತಿಂದು ಮಣ್ಣಿಗೆ ಸೇರಿಸುತ್ತವೆ. ಆ ಹುಳುಗಳನ್ನು ಹುಡುಕಿ ಮರಕುಟಿಗ ಬರುತ್ತದೆ. ಶಿಲ್ಪಿ ಒಂದು ಸುಂದರ ಬೊಡ್ಡೆಯನ್ನು ಕಂಡು ಎತ್ತಿ ನಿಲ್ಲಿಸಿದಾಗ ಅಲ್ಲಿ ಆಗಲೇ ನಡೆದಿದ್ದ ಕೆಲಸ ನಿಂತುಹೋಗುತ್ತದೆ. ವಾರ್ನಿಷು ಬಳಿದರೆ ಶಾಶ್ವತವಾಗಿ ನಿಲ್ಲುತ್ತದೆ.

ಸೊರಬದ ಹೆಸರು ಬಂದಾಗ ಗುಡಿಗಾರರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಸೊರಬ, ಸಾಗರಗಳಲ್ಲಿ ತಲೆಮಾರುಗಳಿಂದ ಶ್ರೀಗಂಧದ ಕೆತ್ತನೆಯನ್ನು ನಡೆಸಿಕೊಂಡು ಬಂದ ಈ ಸಮುದಾಯದ ಕೈಕೆಲಸ ದೇಶವಿದೇಶಗಳಲ್ಲಿ ಹೆಸರಾಗಿದೆ. ಮಾರಿಯ ಮರದ ಮೂರ್ತಿಗೆ ರೂಪ ಕೊಡುವುದು, ಬಣ್ಣ ಹಚ್ಚುವುದು, ಮದುವೆಗೆ ಬೆಂಡಿನ ಬಾಸಿಂಗ ಕಟ್ಟುವುದು ಕೂಡ ಅವರ ವೃತ್ತಿಯೇ. ಗುಡಿಗಾರನ ಕುಶಲತೆಗೆ ಯಾರೂ ಅನುಮತಿ ಕೊಡಬೇಕಾಗಿಲ್ಲ. ಆದರೆ ಅವನ ಮರ ಯಾವತ್ತೂ ಬೀಗದೊಳಗೇ ಇದೆ. ಟಿಪ್ಪುವಿನ ಕಾಲದಲ್ಲಿ ರಾಜವೃಕ್ಷವಾದ ಶ್ರೀಗಂಧ ಅರಸರ ಕಾಲ, ಬ್ರಿಟಿಷ್ ಆಡಳಿತ, ಸ್ವಾತಂತ್ರ್ಯಾನಂತರದ ದಶಕಗಳು ಎಲ್ಲವನ್ನೂ ದಾಟಿ ಸರ್ಕಾರದ ಹಿಡಿತದಲ್ಲಿಯೇ ಉಳಿಯಿತು. ತನ್ನ ಹಿತ್ತಲಲ್ಲಿ ಬೆಳೆದ ಗಂಧದ ಮರಕ್ಕೆ ಭೂಮಾಲೀಕನೇ ಒಡೆಯನೆಂದು ರಾಜ್ಯದ ಕಾಯ್ದೆ ಒಪ್ಪಿಕೊಂಡದ್ದು 2001ರಲ್ಲಿ. ಡಿಪೋದಿಂದ ತೂಕ ಹಾಕಿ ಕೊಟ್ಟ ತುಂಡಿನಲ್ಲಿ ಚೂರೂ ವ್ಯರ್ಥವಾಗದಂತೆ ಕೆತ್ತುವುದು ಅನಿವಾರ್ಯವಾದುದರಿಂದಲೇ ಆ ಕೆತ್ತನೆಗೆ ಅದರ ದಟ್ಟಣೆ ಬಂದಿದೆಯೆಂದು ಹೇಳಬಹುದು. ಬಳ್ಳಿ, ಹೂವು, ಹಕ್ಕಿ, ದೇವತೆಗಳು ಒತ್ತೊತ್ತಾಗಿ ತುಂಬಿದ ಪೆಟ್ಟಿಗೆಯ ಮುಚ್ಚಳದಲ್ಲಿ ಬರಿದಾದ ಜಾಗವೇ ಇರುವುದಿಲ್ಲ. ಹೊಳೆದಂಡೆಯಲ್ಲಿ ಸಿಕ್ಕ ಮರದಿಂದ ಧಾರಾಳವಾಗಿ ಕಟ್ಟುವ ಶಿಲ್ಪಿಗೂ ಗುಡಿಗಾರನಿಗೂ ಇರುವ ಅಂತರ ಶೈಲಿಯದಲ್ಲ, ಮರದ ಲೆಕ್ಕದ್ದು. ಒಬ್ಬನಿಗೆ ಗ್ರಾಮುಗಳ ಲೆಕ್ಕ. ಇನ್ನೊಬ್ಬನಿಗೆ ಲೆಕ್ಕವೇ ಇಲ್ಲ. ಮರದ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಿಗೆ ಒಳಗಾದ ಕುಶಲಕರ್ಮಿಗಳಿರುವ ನಾಡಿನಲ್ಲಿ ‘ಸಿಕ್ಕ ಮರ’ದ ಸ್ವಾತಂತ್ರ್ಯವನ್ನು ಕಲೆಯ ಹಕ್ಕೆಂದು ಘೋಷಿಸುವುದರಲ್ಲಿ ಒಂದು ಅಸಮಾನತೆಯ ಸೂಕ್ಷ್ಮವೂ ಇದೆ.

ಇಷ್ಟಾದರೂ ಅನುಮತಿಯಿಲ್ಲದ ಶಿಲ್ಪವನ್ನೆಲ್ಲ ಒಂದೇ ಕೋಲಿನಿಂದ ಅಳೆಯಲಾಗದು. ಸೊರಬದ ಕಾನುಗಳೇ ಅದಕ್ಕೆ ಅಡ್ಡಿ. ನಿತ್ಯಹಸುರಿನ ಈ ಕಾಡುತುಂಡುಗಳನ್ನು ಕುರಿತು 1868ರಲ್ಲಿಯೇ ಬ್ರಾಂಡಿಸ್ ಮತ್ತು ಗ್ರಾಂಟ್ ಜಂಟಿ ವರದಿ ಬರೆದಿದ್ದರು. ಹಳ್ಳಿಗರು ಅವುಗಳಿಂದ ಮೆಣಸು, ಬಗನಿ ಮುಂತಾದವನ್ನು ಪಡೆಯುತ್ತಿದ್ದರು, ಅವುಗಳನ್ನು ಕಾಯುತ್ತಲೂ ಇದ್ದರು. ಕಾನಿನ ಒಳಗೆ ಚೌಡಿಯ ಕಲ್ಲು, ಜಟಕಪ್ಪ, ಭೂತಪ್ಪ, ಹುಲಿಯಪ್ಪ, ನಾಗರಕಲ್ಲುಗಳಿವೆ. ಕೆಲವು ಕೆತ್ತಿದವು, ಹಲವು ಕೆತ್ತದವು. ಮುಂದೆ ಕಾನುಗಳಲ್ಲಿ ಹಲವು ಸರ್ಕಾರಿ ಅರಣ್ಯದ ಎಲ್ಲೆಯೊಳಗೆ ಸೇರಿದವು. ಈ ಕಲ್ಲುಗಳು ಯಾವ ಪರವಾನಗಿಯನ್ನೂ ಪಡೆದವಲ್ಲ. ಪರವಾನಗಿ ಎಂಬುದು ಹುಟ್ಟುವ ಮೊದಲೇ ಅಲ್ಲಿದ್ದವು. ಇಲ್ಲಿ ಅನಧಿಕೃತವಾದದ್ದು ಶಿಲ್ಪವಲ್ಲ, ನಂತರ ಬಂದ ಗಡಿರೇಖೆ ಎಂದು ಹಳ್ಳಿಗರು ವಾದಿಸಿದರೆ ಆಕ್ಷೇಪಿಸುವುದು ಸುಲಭವಲ್ಲ. ಇನ್ನೂ ಮುಖ್ಯವಾದ ಮಾತೆಂದರೆ, ಕಾನು ಕಾನಾಗಿ ಉಳಿದದ್ದರಲ್ಲಿ ಆ ಕಲ್ಲುಗಳ ಪಾತ್ರವಿದೆ. ಚೌಡಿ ಇರುವಲ್ಲಿ ಕೊಡಲಿ ಇಡಬಾರದೆಂಬ ನಂಬಿಕೆ ಇಲಾಖೆಯ ಕಾವಲಿಗಿಂತ ಹಳೆಯದು.

ಶಿಲ್ಪದ ಆಯುಷ್ಯದ ವಿಷಯದಲ್ಲಿಯೂ ಗ್ರಾಮ ಪರಂಪರೆ ಹೇಳುವುದು ಬೇರೆ. ಮಲೆನಾಡು, ಉತ್ತರ ಕನ್ನಡಗಳ ಹಲವೆಡೆ ಮಾರಿಯನ್ನು ಊರ ಗಡಿಯವರೆಗೆ ಸಾಗಿಸಿ ಅಲ್ಲಿಯೇ ಬಿಟ್ಟುಬರುವ ಪದ್ಧತಿಯಿದೆ. ಬಿಟ್ಟ ಮರದ ಗೊಂಬೆ ಮಳೆಬಿಸಿಲಿಗೆ ಬಿರಿಯುತ್ತದೆ, ಗೆದ್ದಲು ಹಿಡಿಯುತ್ತದೆ; ಮತ್ತೆ ಯಾರೂ ಅದನ್ನು ಎತ್ತಿ ತರುವುದಿಲ್ಲ. ಕೊಡಗಿನ ಅಯ್ಯಪ್ಪ ದೇವರಕಾಡುಗಳಲ್ಲಿ ಹರಕೆಯ ಮಣ್ಣಿನ ನಾಯಿಗಳು ರಾಶಿ ಬಿದ್ದಿವೆ. ಹೊಸತು ಮೇಲೆ, ಹಳೆಯದು ಕೆಳಗೆ, ಇನ್ನೂ ಹಳೆಯದು ಮಣ್ಣು. ಸುಟ್ಟ ಮಣ್ಣಾದುದರಿಂದ ತಕ್ಷಣ ಕರಗದಿದ್ದರೂ ಪಾಚಿ ಹಿಡಿದು, ಒಡೆದು, ಎಲೆಯ ಕೆಳಗೆ ಸೇರುತ್ತದೆ. ಆ ನಾಯಿಗಳ ಮೂತಿ, ನಿಲುವು, ಕಿವಿಯ ಚಿವುಟು ಇವುಗಳಲ್ಲಿ ಕುಂಬಾರನ ಕೈಯ ವೇಗ ಕಾಣುತ್ತದೆ. ಸಂಗ್ರಹಾಲಯದಲ್ಲಿ ಇಟ್ಟರೆ ಒಳ್ಳೆಯ ಶಿಲ್ಪವೆಂದೇ ಅನ್ನಿಸುವಂಥವು. ಆದರೆ ಕೊಟ್ಟ ಮೇಲೆ ಅವು ಕಾಡಿನವು. ಶಿಲ್ಪವನ್ನು ನಿಸರ್ಗದಲ್ಲಿ ‘ಪ್ರತಿಷ್ಠಾಪಿಸುವುದು’ ಬೇರೆ, ನಿಸರ್ಗಕ್ಕೆ ಬಿಟ್ಟುಕೊಡುವುದು ಬೇರೆ. ತೇಲುಮರದ ಶಿಲ್ಪವನ್ನು ವಿಮರ್ಶಿಸುವಾಗ ಈ ಎರಡು ಕ್ರಿಯೆಗಳ ಅಂತರವನ್ನೇ ಮೊದಲು ನೋಡಬೇಕಾಗಿದೆ.

ಬ್ರಿಟನ್ನಿನ ಆಂಡಿ ಗೋಲ್ಡ್ಸ್‌ವರ್ದಿ ಅವರ ಕೆಲಸವನ್ನು ಈ ದೃಷ್ಟಿಯಿಂದ ಉದಾಹರಿಸಬಹುದು. ಕೆನಡಾದ ಕಡಲತೀರವೊಂದರಲ್ಲಿ ತೇಲಿ ಬಂದ ಕಟ್ಟಿಗೆಗಳನ್ನು ಗೂಡಿನಂತೆ ಹೆಣೆದು ಅವರು ಕಟ್ಟಿದ ಗುಮ್ಮಟವನ್ನು ಏರುವ ನೀರು ಎತ್ತಿಕೊಂಡು, ಸುತ್ತು ತಿರುಗಿಸುತ್ತ, ಬಿಚ್ಚಿಹಾಕುವ ದೃಶ್ಯವನ್ನು 2001ರ ಸಾಕ್ಷ್ಯಚಿತ್ರವೊಂದರಲ್ಲಿ ಕಾಣಬಹುದು. ಮೊಳೆಯಿಲ್ಲ, ಗಾರೆಯಿಲ್ಲ. ಮರ ಕೆಲವು ಗಂಟೆಗಳ ಕಾಲ ಶಿಲ್ಪವಾಗಿದ್ದು ಮತ್ತೆ ತೇಲುಮರವಾಯಿತು. ಅಲ್ಲಿಯೂ ಒಂದು ಕೊಂಕು ಇದೆಯೆಂಬುದನ್ನು ಮರೆಯಬಾರದು. ಕರಗಿಹೋದ ಶಿಲ್ಪ ಛಾಯಾಚಿತ್ರವಾಗಿ, ಪುಸ್ತಕವಾಗಿ ಗ್ಯಾಲರಿಗೆ ಬರುತ್ತದೆ. ಕಡಲು ಕೊಂಡೊಯ್ದದ್ದರ ಬೆಲೆಯನ್ನು ಮಾರುಕಟ್ಟೆ ಕಟ್ಟುತ್ತದೆ. ಮಣ್ಣಿನ ನಾಯಿಯನ್ನು ಹರಕೆಗೆ ಒಪ್ಪಿಸಿದವನು ಅದರ ಚಿತ್ರವನ್ನು ಉಳಿಸಿಕೊಂಡವನಲ್ಲ.

‘ಹೊಳೆಯೇ ಕೆತ್ತಿದೆ, ಶಿಲ್ಪಿ ಗುರುತಿಸಿದ್ದಾನೆ ಅಷ್ಟೆ’ ಎಂಬ ಧಾಟಿಯ ಮಾತನ್ನು ಬೇರುಶಿಲ್ಪಗಳ ಪ್ರದರ್ಶನದಲ್ಲಿ ಕೇಳುವುದುಂಟು. ವಿನಯದ ಮಾತು, ಬಹುಮಟ್ಟಿಗೆ ನಿಜವೂ ಹೌದು. ಆದರೆ ಗುರುತಿಸುವ ಕಣ್ಣು ಹೆಚ್ಚಿನ ಸಲ ತನಗೆ ಮೊದಲೇ ಗೊತ್ತಿರುವುದನ್ನೇ ಗುರುತಿಸುತ್ತದೆ. ಕವಲೊಡೆದ ಬೇರು ಜಿಂಕೆಯ ಕೊಂಬು, ಬಾಗಿದ ಕೊಂಬೆ ಕೊಕ್ಕರೆಯ ಕತ್ತು, ಗಂಟು ಬಂದ ಬೊಡ್ಡೆ ಮುದುಕನ ಮುಖ. ಮಲೆನಾಡಿನ ಮನೆಗಳ ಜಗುಲಿಯಲ್ಲಿ, ವಿಶ್ರಾಂತಿಧಾಮಗಳ ಹಜಾರದಲ್ಲಿ ಹೊಳೆಯುತ್ತ ನಿಂತ ಇಂಥ ನೂರು ಜಿಂಕೆಗಳಲ್ಲಿ ಒಂದಾದರೂ ಮರದ ನಾರಿನ ದಿಕ್ಕನ್ನು, ನೀರು ತಿಂದ ಜಾಗದ ಮೃದುತ್ವವನ್ನು ನೋಡುವವನಿಗೆ ತೋರಿಸುವುದಿಲ್ಲ. ಕಾಫಿ ತೋಟಗಳಲ್ಲಿ ಕಿತ್ತು ಹಾಕಿದ ಹಳೆಯ ಗಿಡದ ಬುಡದಿಂದ ಮಾಡುವ ಟೀಪಾಯಿ ಇದಕ್ಕಿಂತ ಪ್ರಾಮಾಣಿಕವಾದದ್ದು. ಅದು ಗಾಜಿನ ಹಲಗೆಯನ್ನು ಹೊತ್ತು ನಿಲ್ಲುತ್ತದೆ, ಬೇರೆ ಏನೂ ಆಗಲು ಹೋಗುವುದಿಲ್ಲ. ಮರವೂ ತೋಟದ್ದು, ಕಾಡಿನದಲ್ಲ.

ಹೀಗೆ ನೋಡಿದಾಗ ‘ಅನಧಿಕೃತ’ ಎಂಬ ವಿಶೇಷಣ ಮೂರು ಬೇರೆ ಪ್ರಶ್ನೆಗಳನ್ನು ಒಂದರೊಳಗೆ ಮುಚ್ಚಿಡುತ್ತದೆ: ನೆಲ ಯಾರದು, ಕಟ್ಟುವವನಿಗೆ ಅಪ್ಪಣೆ ಯಾರದು, ಮರ ಯಾರದು. ಎಮರಿವಿಲ್ಲೆಯ ಚರ್ಚೆ ಮೊದಲನೆಯದರಲ್ಲಿ ಮುಗಿಯಿತು. ನೇಕ್ ಚಂದರದು ಎರಡನೆಯದರಲ್ಲಿ ಗೆದ್ದಿತು. ಕರ್ನಾಟಕದ ಅಭಯಾರಣ್ಯಗಳಲ್ಲಿ, ಹೊಳೆದಂಡೆಗಳಲ್ಲಿ, ಜಲಾಶಯಗಳ ಅಂಚಿನಲ್ಲಿ ನಿರ್ಣಾಯಕವಾಗಬೇಕಾದುದು ಮೂರನೆಯದು. ನೆಲದ ಅನುಮತಿ ಅರ್ಜಿ ಕೊಟ್ಟರೆ ಸಿಗಬಹುದು. ಅಧಿಕಾರಿಯೇ ಮುಂದೆ ನಿಂತು ಪ್ರವಾಸಿಗರ ಆಕರ್ಷಣೆಗೆಂದು ಶಿಲ್ಪ ಮಾಡಿಸಬಹುದು. ಅಂಥ ಅಧಿಕೃತ ಶಿಲ್ಪ ಅನಧಿಕೃತವಾದದ್ದಕ್ಕಿಂತ ಕಾಡಿಗೆ ಹೆಚ್ಚು ಹಿತವೆಂದು ಹೇಳಲು ಆಧಾರವಿಲ್ಲ. ಸಿಮೆಂಟಿನಲ್ಲಿ ಮರದ ಬೊಡ್ಡೆಯ ಆಕಾರ ಮಾಡಿ ಕಂದುಬಣ್ಣ ಬಳಿದ ಕಸದ ತೊಟ್ಟಿಗಳು ನಮ್ಮ ಉದ್ಯಾನಗಳಲ್ಲಿ ಬೇಕಾದಷ್ಟಿವೆ. ಅನುಮತಿ ಪಡೆದ ಈ ಬೊಡ್ಡೆಗಳಲ್ಲಿ ಯಾವ ಹುಳುವೂ ಮನೆ ಮಾಡದು.

ಶಿಲ್ಪಿಯ ಪಕ್ಷದ ಮಾತನ್ನೂ ಕೇಳಬೇಕು. ಕಾಯ್ದೆ ಎಲ್ಲವನ್ನೂ ನಿಷೇಧಿಸುತ್ತ ಹೋದರೆ ಹೊಳೆಯ ಮರಳಿನ ಮೇಲೆ ಮಗುವೊಂದು ನಾಲ್ಕು ಕಡ್ಡಿ ನಿಲ್ಲಿಸುವುದೂ ಅಪರಾಧವಾಗುತ್ತದೆ. ಕಾನಿನೊಳಗೆ ಹರಕೆಯ ಗೊಂಬೆ ಇಟ್ಟು ಬರುವ ಹಳ್ಳಿಯವನೂ, ಜೆಸಿಬಿ ತಂದು ದಿಮ್ಮಿಗಳನ್ನು ಬೋಲ್ಟು ಹಾಕಿ ನಿಲ್ಲಿಸುವ ಶಿಬಿರವೂ ಒಂದೇ ಕಲಮಿನ ಕೆಳಗೆ ಬರುತ್ತವೆ. ಈ ಎರಡನ್ನು ಬೇರ್ಪಡಿಸುವ ಭಾಷೆ ನ್ಯಾಯಾಲಯಕ್ಕೆ ಇಲ್ಲ, ಇಲಾಖೆಗೂ ಇಲ್ಲ. ಆ ಭಾಷೆಯನ್ನು ಒದಗಿಸುವುದು ಶಿಲ್ಪವಿಮರ್ಶೆಯ ಹೊಣೆ. ಸೌಂದರ್ಯದ ಮಾತಿನಲ್ಲಿಯೇ ಅದನ್ನು ಆರಂಭಿಸಬಹುದು. ಮೊಳೆ, ಬೋಲ್ಟು, ಅಂಟು, ವಾರ್ನಿಷುಗಳಿಲ್ಲದೆ, ಮರದ ತೂಕವನ್ನು ಮರದ ಮೇಲೆಯೇ ಹೊರಿಸಿ ಕಟ್ಟಿದ ರಚನೆ ರೂಪದ ದೃಷ್ಟಿಯಿಂದಲೂ ಬಿಗಿಯಾಗಿರುತ್ತದೆ. ಮರ ಬಿದ್ದಿದ್ದ ದಂಡೆಯನ್ನು ಬಿಟ್ಟು ದೂರ ಸಾಗದ, ಮುಂದಿನ ಮಳೆಗಾಲದ ನೆರೆ ತೆಗೆದುಕೊಂಡು ಹೋಗಲು ಸಿದ್ಧವಾಗಿ ನಿಂತ ಶಿಲ್ಪದಲ್ಲಿ ಒಂದು ಕಾಲಪ್ರಜ್ಞೆ ತಾನಾಗಿ ಬರುತ್ತದೆ. ವರದಾ ನದಿಯ ದಂಡೆಯಲ್ಲಿ ಮೇ ತಿಂಗಳಲ್ಲಿ ಇರುವುದು ಆಗಸ್ಟಿನಲ್ಲಿ ಇರುವುದಿಲ್ಲವೆಂಬುದು ಅಲ್ಲಿನ ರೈತನಿಗೆ ಗೊತ್ತಿರುವ ಸಂಗತಿ, ಶಿಲ್ಪಿಗೂ ಗೊತ್ತಿರಬೇಕು.

ಇನ್ನೊಂದು ಸಣ್ಣ ಕೆಲಸ ಸಂಶೋಧಕರಿಂದಲೂ ಸಂಸ್ಥೆಗಳಿಂದಲೂ ಆಗಬಹುದಾದದ್ದು. ಶಿಲ್ಪಪ್ರದರ್ಶನಗಳ ಕ್ಯಾಟಲಾಗುಗಳಲ್ಲಿ ಕಲಾವಿದನ ಹೆಸರು, ಕೃತಿಯ ಹೆಸರು, ಅಳತೆ, ವರ್ಷ ಇವುಗಳ ಜೊತೆಗೆ ‘ಮಾಧ್ಯಮ: ಮರ’ ಎಂದು ಒಂದು ಸಾಲು ಅಚ್ಚಾಗುತ್ತದೆ. ಯಾವ ಮರ, ಯಾವ ಹೊಳೆಯ ದಂಡೆಯದು, ಡಿಪೋದಿಂದ ಬಂದದ್ದೇ ತೋಟದ್ದೇ, ಬಿದ್ದದ್ದೇ ಕಡಿದದ್ದೇ, ಯಾರನ್ನು ಕೇಳಿ ತಂದದ್ದು ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಸಾವಿರ ವರ್ಷಗಳ ಹಿಂದೆ ಗುಡಿಯೊಂದಕ್ಕೆ ಬಿಟ್ಟ ಗದ್ದೆಯ ಎಲ್ಲೆಯನ್ನು ಬರೆಸಿದವನು ಮೂಡಣ ದಿಕ್ಕಿನ ಮರ ಯಾವುದು, ಪಡುವಣ ಹಳ್ಳ ಯಾವುದು ಎಂಬುದನ್ನು ಬಿಡದೆ ಹೇಳಿಸುತ್ತಿದ್ದ. ಕ್ಯಾಟಲಾಗಿನ ಆ ಒಂದು ಸಾಲಿಗೆ ಇನ್ನೆರಡು ಸಾಲು ಸೇರಿಸಲು ಅಚ್ಚಿನ ಖರ್ಚು ಹೆಚ್ಚಾಗಲಾರದು.